ಅರಿಜೋನಾ ಬಿಸಿಲಿನಲ್ಲಿ ಬ್ರಹ್ಮಕಮಲ, ಅಡೇನಿಯಂ, ಸ್ಟಪೇಲಿಯಾ ಮತ್ತು ಒಂದು ಒಣಕಡ್ಡಿ

ಫೀನಿಕ್ಸ್ ಪಕ್ಕದ ಚಾಂಡ್ಲರ್‌ಗೆ ಬಂದಾಗ ನನಗೆ ಮೊದಲು ಬೇಕು ಅನ್ನಿಸಿದ ಗಿಡ ಬ್ರಹ್ಮಕಮಲ. ಶಿವಮೊಗ್ಗದ ನಮ್ಮ ಮನೆಯಲ್ಲಿ ಅದು ಅರಳುವ ರಾತ್ರಿ ಅಕ್ಕಪಕ್ಕದವರನ್ನೆಲ್ಲ ಕರೆಯುತ್ತಿದ್ದೆವು. ಅಮ್ಮ ಹೂವಿಗೆ ಅರಿಶಿನ ಕುಂಕುಮ ಇಟ್ಟು ಆರತಿ ಎತ್ತುತ್ತಿದ್ದರು. ಇಲ್ಲಿ ಸ್ನೇಹಿತೆಯೊಬ್ಬರು ತಮ್ಮ ಗಿಡದ ಒಂದು ಎಲೆ ಕೊಟ್ಟರು. ಆಮೇಲೆ ಅಡೇನಿಯಂ ಬಂತು, ಸ್ಟಪೇಲಿಯಾ ಬಂತು, ಕೊನೆಗೆ ಈ ಮರುಭೂಮಿಯದೇ ಆದ ಒಂದು ಕಳ್ಳಿ ಬಂತು. ನಾಲ್ಕನ್ನೂ ಒಂದೇ ಹಿತ್ತಲಲ್ಲಿ ಬೆಳೆಸಿ ನೋಡಿದ್ದೇನೆ.

ನಿಜವಾದ ಪರೀಕ್ಷೆ ನಡೆದದ್ದು 2023ರ ಬೇಸಿಗೆಯಲ್ಲಿ. ಆ ವರ್ಷ ಫೀನಿಕ್ಸ್‌ನಲ್ಲಿ ಸತತ 31 ದಿನ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಹಗಲಿಗಿಂತ ಗಿಡಗಳನ್ನು ಕೊಂದದ್ದು ರಾತ್ರಿ. ಕಳ್ಳಿ ಜಾತಿಯ ಗಿಡಗಳು ಹಗಲು ಮೈಮೇಲಿನ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತಂಪಾದ ಮೇಲೆ ಉಸಿರಾಡುತ್ತವೆ. ರಾತ್ರಿಯೂ 32 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಅವು ಏನು ಮಾಡಬೇಕು ಹೇಳಿ. ದೊಡ್ಡ ದೊಡ್ಡ ಸಗ್ವಾರೊ ಕಳ್ಳಿಗಳೇ ಆ ಬೇಸಿಗೆ ಮುರಿದು ಬಿದ್ದವು.

ಬ್ರಹ್ಮಕಮಲದ ಮಾತು ಮೊದಲೇ ಹೇಳಿಬಿಡುತ್ತೇನೆ. ಅದು ಕಳ್ಳಿ ಕುಲದ್ದೇ, ಆದರೆ ಮರುಭೂಮಿಯ ಗಿಡವಲ್ಲ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಮರದ ಮೇಲೆ ಬೆಳೆಯುವಂಥದ್ದು. ನಾವು ಎಲೆ ಅನ್ನುವುದೂ ಚಪ್ಪಟೆಯಾದ ಕಾಂಡವೇ. ಮಲೆನಾಡಿನ ತೇವ ಅದಕ್ಕೆ ಯಾಕೆ ಒಗ್ಗಿತು ಅಂತ ಇಲ್ಲಿಗೆ ಬಂದ ಮೇಲೆ ಅರ್ಥವಾಯಿತು. ಶೇಡ್ ನೆಟ್ ಕೆಳಗೆ, ಉತ್ತರದ ಗೋಡೆ ಪಕ್ಕ ಇಟ್ಟರೂ ಅಂಚು ಸುಟ್ಟು ಕಂದಾಯಿತು. ಒಂದು ಮೇ ತಿಂಗಳಲ್ಲಿ ಮೂರು ಮೊಗ್ಗು ಬಂದವು. ತೊಟ್ಟು ಬಾಗಿ ಮೇಲಕ್ಕೆ ತಿರುಗುವ ಹೊತ್ತಿಗೆ ಎರಡು ಉದುರಿದವು. ಉಳಿದ ಒಂದನ್ನು ಮನೆಯೊಳಗೆ ತಂದು, ನೀರಿನ ತಟ್ಟೆ ಪಕ್ಕ ಇಟ್ಟು ಕಾದೆ. ಹನ್ನೊಂದು ಗಂಟೆಗೆ ಅರಳಿತು. ವೀಡಿಯೊ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. ಈಗ ಅದು ಒಳಗೇ ಇದೆ, ಹಿತ್ತಲಿಗೆ ಮತ್ತೆ ಕಳಿಸುವುದಿಲ್ಲ.

ಬೇಗ ಹೂ ಬೇಕು ಅನ್ನುವವರಿಗೆ ಅಡೇನಿಯಂ ಸಾಕು. ಕಣಗಿಲೆಯ ಕುಟುಂಬ, ಆಫ್ರಿಕಾ ಮತ್ತು ಅರೇಬಿಯಾದ ಒಣನೆಲದ್ದು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬಿಡದೆ ಗುಲಾಬಿ ಬಣ್ಣ. ಕಪ್ಪು ಪ್ಲಾಸ್ಟಿಕ್ ಕುಂಡ ಮಾತ್ರ ಬೇಡ, ಬೇರು ಬೆಂದುಹೋಗುತ್ತದೆ. ಮಣ್ಣಿನ ಕುಂಡಕ್ಕೆ ಬದಲಾಯಿಸಿದ ಮೇಲೆ ವ್ಯತ್ಯಾಸ ಕಣ್ಣಿಗೆ ಕಂಡಿತು. ಅದಕ್ಕೆ ಕಷ್ಟ ಚಳಿಗಾಲ. 10 ಡಿಗ್ರಿಗಿಂತ ಕೆಳಗೆ ಹೋದರೆ ಎಲೆ ಉದುರಿಸಿ ಮಲಗುತ್ತದೆ. ಮಲಗಿದ ಗಿಡಕ್ಕೆ ಜನವರಿಯಲ್ಲಿ ನೀರು ಹಾಕಿ ಒಂದನ್ನು ಕಳೆದುಕೊಂಡೆ. ಬುಡದ ಗೆಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಕಳಿತ ಬಾಳೆಹಣ್ಣಿನಂತೆ ಒಳಗೆ ಹೋಯಿತು. ಈಗ ನವೆಂಬರ್‌ನಲ್ಲೇ ಒಳಗೆ ತಂದು, ಮಾರ್ಚ್‌ವರೆಗೆ ನೀರು ಪೂರ್ತಿ ನಿಲ್ಲಿಸುತ್ತೇನೆ. ಅದರ ಹಾಲು ವಿಷ, ಮಕ್ಕಳಿರುವ ಮನೆಯಲ್ಲಿ ಜೋಪಾನ.

ಸ್ಟಪೇಲಿಯಾ ಜೈಗಾಂಟಿಯಾ ನೋಡಲು ಮಂಗರವಳ್ಳಿ ಹಾಗೆ, ನಾಲ್ಕು ಏಣಿನ ಮೆತ್ತನೆ ಕಾಂಡ. ದಕ್ಷಿಣ ಆಫ್ರಿಕಾ ಕಡೆಯದು. ಸೆಪ್ಟೆಂಬರ್ ಕೊನೆಗೆ ಮೊಗ್ಗು ಬಲೂನಿನಂತೆ ಊದುತ್ತದೆ. ಒಡೆದಾಗ ಊಟದ ತಟ್ಟೆಯಷ್ಟು ಅಗಲದ ಐದು ಮೂಲೆಯ ನಕ್ಷತ್ರ. ಕೆನೆ ಬಣ್ಣದ ಮೇಲೆ ಕಂದುಗೆಂಪು ಗೆರೆಗಳು, ಅಂಚಿನಲ್ಲಿ ಸಣ್ಣ ಸಣ್ಣ ರೋಮ. ವಾಸನೆ ಕೊಳೆತ ಮಾಂಸದ್ದು. ನೊಣ ಬರಲಿ ಅಂತಲೇ ಆ ವಾಸನೆ. ನೊಣಗಳು ನಿಜವಾದ ಮಾಂಸ ಅಂದುಕೊಂಡು ಹೂವಿನ ನಡುವೆ ಬಿಳಿ ಮೊಟ್ಟೆ ಇಟ್ಟು ಹೋಗುತ್ತವೆ. ಎಷ್ಟು ಸಲ ನೋಡಿದರೂ ನನಗೆ ಬೇಸರವಾಗಿಲ್ಲ. ಕುಂಡವನ್ನು ಕಿಟಕಿಯಿಂದ ದೂರ, ನೆರಳಲ್ಲಿ ಇಡಿ. ಹಿಟ್ಟು ತಿಗಣೆ ಬಂದರೆ ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿ. ಕುಂಡದ ಗಿಡಗಳಲ್ಲಿ 2023ನ್ನು ಅತಿ ಸುಲಭವಾಗಿ ದಾಟಿದ್ದು ಇದೇ. ಸ್ವಲ್ಪ ಕೆಂಪಾಯಿತು, ಅಷ್ಟೇ.

ಇನ್ನು ನಾಲ್ಕನೆಯದು ಪೆನಿಯೊಸೀರಿಯಸ್ ಗ್ರೆಗ್ಗಿ. ಇಲ್ಲಿನವರು ಕ್ವೀನ್ ಆಫ್ ದ ನೈಟ್, ಅಂದರೆ ರಾತ್ರಿಯ ರಾಣಿ, ಅನ್ನುತ್ತಾರೆ. ಬ್ರಹ್ಮಕಮಲಕ್ಕೂ ಇಂಗ್ಲಿಷಿನಲ್ಲಿ ಅದೇ ಹೆಸರಿದೆ, ನರ್ಸರಿಯಲ್ಲಿ ಕೇಳುವಾಗ ಹುಷಾರು. ಗಿಡ ನೋಡಿದರೆ ಪೆನ್ಸಿಲ್ ದಪ್ಪದ ಬೂದು ಕಡ್ಡಿ. ಅಮ್ಮ ಇಲ್ಲಿಗೆ ಬಂದಿದ್ದಾಗ, "ಏನೇ ಇದು, ಒಣಗಿದ ಕಡ್ಡಿಗೆ ನೀರು ಹಾಕ್ತಿದ್ದೀಯಲ್ಲ" ಅಂದರು. ಜೀವವೆಲ್ಲ ಮಣ್ಣಿನೊಳಗೆ, ಗೆಡ್ಡೆಯಲ್ಲಿದೆ. ಕಾಡಿನಲ್ಲಿ ಇದು ಪೊದೆಗಳ ಬುಡದಲ್ಲಿ ಬೆಳೆಯುತ್ತದೆ. ಹಾಗಾಗಿ ನಾನೂ ಪಾಲೊ ವರ್ಡೆ ಮರದ ನೆರಳಲ್ಲೇ ನೆಟ್ಟೆ. ಅಲ್ಲಿ ಒಂದಡಿ ಕೆಳಗೆ ಸುಣ್ಣದ ಗಟ್ಟಿ ಪದರ ಸಿಕ್ಕಿ, ಹಾರೆ ಹಿಡಿದು ಎರಡು ದಿನ ಒಡೆಯಬೇಕಾಯಿತು. ಮೊಲ ತಿನ್ನದ ಹಾಗೆ ಸುತ್ತ ತಂತಿ ಬಲೆ. ಕಾಡಿನಿಂದ ಕಿತ್ತು ತರುವುದು ಬೇಡವೇ ಬೇಡ, ಅರಿಜೋನಾದ ಕಾನೂನು ಅದನ್ನು ಕಾಪಾಡುತ್ತದೆ. ಬೀಜದಿಂದ ಬೆಳೆಸಿದ ಸಸಿ ನರ್ಸರಿಯಲ್ಲಿ ಸಿಗುತ್ತದೆ.

ಮೂರು ವರ್ಷ ಏನೂ ಇಲ್ಲ. ಕಳೆದ ಜೂನ್‌ನಲ್ಲಿ ಒಂದು ಮೊಗ್ಗು ಉದ್ದವಾಗತೊಡಗಿತು. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಕೂತೆವು. ಎಂಟೂವರೆ ಹೊತ್ತಿಗೆ ಎಸಳು ಬಿಚ್ಚಿತು, ಪರಿಮಳ ಬಾಗಿಲವರೆಗೆ ಬಂತು. ಬ್ರಹ್ಮಕಮಲಕ್ಕಿಂತ ಸಣ್ಣ ಹೂ, ಆದರೆ ಹೊರಗೆ ಇನ್ನೂ 38 ಡಿಗ್ರಿ ಇದ್ದಾಗ, ಯಾರ ಆಸರೆಯೂ ಇಲ್ಲದೆ ಅರಳಿದ್ದು. ಅಮ್ಮ ಶಿವಮೊಗ್ಗದಿಂದಲೇ ಫೋನಿನಲ್ಲಿ ನೋಡಿ, "ಅರಿಶಿನ ಕುಂಕುಮ ಇಡೇ" ಅಂದರು. ಇಟ್ಟೆ. ಬೆಳಿಗ್ಗೆ ಬಾಡಿತ್ತು.

ನೆಲ ಇದ್ದವರಿಗೆ, ಕಾಯುವ ಮನಸ್ಸಿದ್ದವರಿಗೆ ನಾನು ಹೇಳುವುದು ಇದನ್ನೇ. ಬರೀ ಬಾಲ್ಕನಿ ಇದ್ದರೆ ಅಡೇನಿಯಂ. ಈ ರಾಣಿಗೆ ಕೆಂಪು ಹಣ್ಣು ಬಿಡಬೇಕಾದರೆ ಅದೇ ರಾತ್ರಿ ಅರಳಿದ ಇನ್ನೊಂದು ಗಿಡದ ಪರಾಗ ಬೇಕು. ಅದಕ್ಕೇ ಅಕ್ಟೋಬರ್‌ನಲ್ಲಿ ಎರಡನೆಯದನ್ನು ತಂದು, ಮರದ ಆ ಬದಿಗೆ ನೆಟ್ಟಿದ್ದೇನೆ.