ವೂವ್ರೇ ತಗೊಳ್ಳೋದಾ, ಸಾವೆನಿಯೇರ್ ತಗೊಳ್ಳೋದಾ?

ಎರಡೂ ಬಿಳಿ ವೈನೇ, ಶೆನಿನ್ ಬ್ಲಾಂಕ್ ಅನ್ನೋ ದ್ರಾಕ್ಷೀದೇ, ಎರಡೂ ಫ್ರಾನ್ಸಿನ ಲ್ವಾರ್ ನದಿ ಕಡೇವೇ, ಆದ್ರೆ ಗ್ಲಾಸಿಗೆ ಬಿದ್ಮೇಲೆ ಅಕ್ಕತಂಗಿ ಅಂದ್ರೆ ನಂಬೋದು ಕಷ್ಟ. ವೂವ್ರೇ ತೂರ್ ಊರಿನ ಪಕ್ಕ, ಅಲ್ಲಿ ಮೆತ್ತನೆ ಸುಣ್ಣಕಲ್ಲು, ಅದನ್ನ ಕೊರೆದ ಗುಹೆಗಳಲ್ಲೇ ವೈನ್ ಇಡ್ತಾರೆ. ಒಂದೇ ಹೆಸರಲ್ಲಿ ಡ್ರೈ (ಸಿಹಿ ಇಲ್ಲದ್ದು), ಅರೆಸಿಹಿ, ಪೂರ್ತಿ ಸಿಹಿ, ನೊರೆ ಬರೋದು ಎಲ್ಲಾ ಸಿಗತ್ತೆ, ಹಂಗಾಗಿ ಲೇಬಲ್ ಮೇಲೆ ‘ಸೆಕ್’ (ಅಂದ್ರೆ ಡ್ರೈ) ಇದ್ಯಾ ‘ಡೆಮಿ-ಸೆಕ್’ (ಅಂದ್ರೆ ಅರೆಸಿಹಿ) ಇದ್ಯಾ ನೋಡ್ಕೊಳಿ, ನಾನು ನೋಡದೇ ತಂದು ಮೀನ್ ಫ್ರೈ ಜೊತೆ ಪಾಯಸ ಕುಡಿದಂಗಾಗಿತ್ತು!

ಸಾವೆನಿಯೇರ್ ಆಂಜೇ ಊರಿನ ಹತ್ರದ್ದು, ಶಿಸ್ಟ್ ಅನ್ನೋ ಪದರ ಪದರ ಕಲ್ಲಿನ ನೆಲ, ಹೆಚ್ಚುಕಮ್ಮಿ ಎಲ್ಲಾ ಡ್ರೈನೇ. ಎಳೇದಿದ್ದಾಗ ಹುಳಿಗೆ ಹಲ್ಲು ಜುಮ್ಮನ್ನತ್ತೆ, ಕೆಲವರ್ಷ ಇಟ್ರೆ ಜೇನುಮೇಣದ ವಾಸನೆ ಬರತ್ತೆ, ಆಹಾ.

ಇವತ್ತೇ ಓಪನ್ ಮಾಡೋದು, ಊಟ ಖಾರ ಅಂದ್ರೆ ವೂವ್ರೇ ಡೆಮಿ-ಸೆಕ್ಕೇ ಸರಿ. ಕಾಯೋಕಾಗತ್ತೆ ಅಂದ್ರೆ ಮಾತ್ರ ಇನ್ನೊಂದು.