ಮಳೆಗಾಲ ಬಂದರೆ ಕುದುರೆ ಜಾರುತ್ತಿತ್ತು: ನಮ್ಮ ಕೇಪಿನ ಬಂದೂಕಿನ ಅನುಭವ

ಹಾನಗಲ್ ಕಡೆ ಗೋವಿನಜೋಳ ಹಾಕಿದವರಿಗೆ ಹಂದಿ ಕಾಟ ಹೊಸದಲ್ಲ. ಬೆಳೆ ಕಾಯಲು ನಮ್ಮಲ್ಲಿ ಲೈಸನ್ಸ್ ಇರುವ ಒಂಟಿ ನಳಿಗೆಯ ಕೇಪಿನ ಬಂದೂಕಿದೆ. ನಳಿಗೆಯ ಬಾಯಿಂದ ಮದ್ದು ತುಂಬಿ, ಕೇಪು ಅನ್ನುವ ಸಣ್ಣ ಸಿಡಿಯುವ ಟೋಪಿಯಿಂದ ಹೊತ್ತಿಸುವ ಹಳೆ ನಮೂನೆ. ಬರೀ ಮದ್ದು ತುಂಬಿ ಸದ್ದು ಮಾಡುತ್ತೇವೆ, ಅಷ್ಟೇ. ಸದ್ದಿಗೇನೂ ಕೊರತೆ ಇಲ್ಲ. ತಲೆಬಿಸಿ ಮಾಡಿದ್ದು ಅದರ ಲಾಕ್, ಅಂದರೆ ಕುದುರೆಯನ್ನು ಹಿಡಿದು ಬಿಡುವ ಯಂತ್ರ. ಕುದುರೆ ಅಂದರೆ ಕೇಪಿಗೆ ಬಡಿಯುವ ಸುತ್ತಿಗೆ.

ಬೇಸಿಗೆಯಲ್ಲಿ ಕುದುರೆಯನ್ನು ಅರ್ಧಕ್ಕೆ ಎಳೆದರೆ ಟಕ್ ಅಂತ ನಿಲ್ಲುತ್ತಿತ್ತು. ಆಗ ಟ್ರಿಗರ್ ಒತ್ತಿದರೂ ಅದು ಬೀಳಬಾರದು. ಕೇಪು ಹಾಕುವಾಗ ನಮ್ಮನ್ನು ಕಾಯುವುದು ಕುದುರೆಯನ್ನು ಅರ್ಧಕ್ಕೆ ತಡೆಯುವ ಆ ಹಲ್ಲೇ ಅಲ್ವಾ? ಮಳೆ ಹಿಡಿದ ಮೇಲೆ ಹೆಬ್ಬೆರಳು ಬಿಟ್ಟ ಕೂಡಲೇ ಜಾರಿಬಿಡುತ್ತಿತ್ತು. ಅಂಥದ್ದಕ್ಕೆ ಮದ್ದು ತುಂಬುವ ಮಾತೇ ಇಲ್ಲ. ಪೀಕು ತೆನೆಗೆ ಬಂದ ಹೊತ್ತಿಗೇ ಬಂದೂಕು ಮೂಲೆ ಸೇರುತ್ತಿತ್ತು.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ "ಹಲ್ಲು ಸವೆದಿದೆ, ಇಡೀ ಲಾಕ್ ಹೊಸದು ಹಾಕಿಸಿ" ಅಂದರು. ಸವೆದ ಹಲ್ಲು ಬೇಸಿಗೆಯಲ್ಲಿ ಹೇಗೆ ಹಿಡಿಯುತ್ತದೆ ಅಂತ ಕೇಳಿದೆ. ಉತ್ತರ ಇಲ್ಲ. ಸಿಟ್ಟು ಬಂತು.

1959ರ ಆಯುಧ ಕಾಯ್ದೆ ಪ್ರಕಾರ ರಿಪೇರಿ ಮಾಡುವವರಿಗೂ ಲೈಸನ್ಸ್ ಬೇಕು. ಹಾಗಾಗಿ ಸಿಕ್ಕವರ ಕೈಗೆ ಕೊಡುವಂತಿಲ್ಲ. ಕೊನೆಗೆ ಲೈಸನ್ಸ್ ಇದ್ದ ಇನ್ನೊಬ್ಬ ಹಿರಿಯರು ಸಿಕ್ಕರು. ಲಾಕ್ ಬಿಚ್ಚಿ, ಕೈಯಲ್ಲೇ ಹಿಡಿದು ಕುದುರೆ ಎಳೆದರು. ಗಟ್ಟಿಯಾಗಿ ನಿಂತಿತು. ಬಂದೂಕಿನ ಕಟ್ಟಿಗೆಯೊಳಗೆ ಕೂರಿಸಿ ಸ್ಕ್ರೂ ಬಿಗಿದರು. ಜಾರಿತು. "ಲಾಕ್ ಛಲೋ ಐತ್ರೀ, ಕಟ್ಟಿಗಿ ಉಬ್ಬೇತಿ" ಅಂದರು.

ಹಲ್ಲನ್ನು ಹಿಡಿಯುವ ಕೊಕ್ಕೆಗೆ ಹಿಂದೆ ಒಂದು ಬಾಲ ಇರುತ್ತದೆ, ಟ್ರಿಗರ್ ಎತ್ತುವುದು ಅದನ್ನೇ. ಆ ಬಾಲಕ್ಕೆ ದೀಪದ ಮಸಿ ಬಳಿದು, ಲಾಕ್ ಕೂರಿಸಿ, ಟ್ರಿಗರ್ ಆಡಿಸಿ ಮತ್ತೆ ಬಿಚ್ಚಿದರು. ಕಟ್ಟಿಗೆಯ ಗೂಡಿನಲ್ಲಿ ಅಕ್ಕಿಕಾಳಿನಷ್ಟು ಕಪ್ಪು ಗುರುತು! ತೇವಕ್ಕೆ ಉಬ್ಬಿದ ಕಟ್ಟಿಗೆ ಅಲ್ಲಿ ಬಾಲವನ್ನು ಪೂರ್ತಿ ಇಳಿಯಲು ಬಿಡುತ್ತಿರಲಿಲ್ಲ. ಕೊಕ್ಕೆ ಹಲ್ಲಿನ ತುದಿಗೆ ಮಾತ್ರ ಸಿಗುತ್ತಿತ್ತು. ಸಣ್ಣ ಉಳಿಯಿಂದ ಆ ಕಪ್ಪನ್ನಷ್ಟೇ ಕೆರೆದರು. ಹಲ್ಲಿಗೆ ಅರ ಮುಟ್ಟಿಸಲೇ ಇಲ್ಲ. ಅವರ ಮೇಲೆ ಗೌರವ ಹುಟ್ಟಿದ್ದೇ ಅಲ್ಲಿ. ಹೊಸ ಲಾಕ್‌ನ ಬೆಲೆ ಮುಂದೆ ಅವರು ತಗೊಂಡ ಕೂಲಿ ಏನೂ ಅಲ್ಲ.

ಲಾಕ್ ಒಳಗೆ ನಮ್ಮ ಮನೆ ಹಿರಿಯರ ಕಾಲದ ಕುಸುಬಿ ಎಣ್ಣೆಯೂ ಅಂಟಾಗಿ ಕೂತಿತ್ತು. ಅದು ಗಾಳಿಗೆ ಒಣಗಿ ಗಟ್ಟಿಯಾಗುವ ಎಣ್ಣೆ. ಈಗ ಹೊಲಿಗೆ ಮಷಿನ್ ಎಣ್ಣೆ, ಅದೂ ಒಂದೇ ಹನಿ. ಬಳಸಿದ ದಿನವೇ ನಳಿಗೆಯನ್ನು ಬಿಸಿನೀರಲ್ಲಿ ತೊಳೆಯುತ್ತೇನೆ, ಇಲ್ಲದಿದ್ದರೆ ಮದ್ದಿನ ಮಸಿ ತೇವ ಎಳೆದು ಕಬ್ಬಿಣ ತಿನ್ನುತ್ತದೆ. ನಳಿಗೆಯೊಳಗೆ ತೂರಿಸುವ ಗಜದ ಕೋಲಿಗೆ ಹಳೆ ಧೋತರದ ಚೂರು ಸುತ್ತಿ ತಿಕ್ಕುತ್ತಾ, ಅದು ಬಿಳಿಯಾಗಿ ಹೊರಬರುವವರೆಗೂ ಕೂರುವುದು ನನಗೆ ತುಂಬಾ ಇಷ್ಟ.

ಇಂಥ ಬಂದೂಕು ತಗೊಳ್ಳುವವರು ಕುದುರೆಯನ್ನು ಮಳೆಗಾಲದಲ್ಲೇ ಪರೀಕ್ಷೆ ಮಾಡಿ. ನಳಿಗೆ ಖಾಲಿ ಇರಲಿ, ಕೇಪು ಬೇಡ, ಕೇಪು ಕೂರುವ ನಿಪ್ಪಲ್ ಮೇಲೆ ದಪ್ಪ ಚರ್ಮದ ತುಂಡು ಇಡಿ.