ಡಿವಿಡಿ ಹಾರ್ಡ್ ಡಿಸ್ಕಿಗೆ: ಹಾಗೇ ಇಡೋದಾ, ಕುಗ್ಗಿಸೋದಾ?

ತುಮಕೂರಿನ ಎಷ್ಟೋ ಮನೆಗಳ ಬೀರುವಿನಲ್ಲಿ ಮದುವೆ, ಗೃಹಪ್ರವೇಶ, ಸಿದ್ಧಗಂಗೆ ಜಾತ್ರೆಯ ಡಿವಿಡಿಗಳು ಇನ್ನೂ ಕೂತಿವೆ.

ಡಿವಿಡಿಯಿಂದ ವಿಡಿಯೊ ಎತ್ತುವ ಮೇಕ್‌ಎಂಕೆವಿ ತಂತ್ರಾಂಶದಲ್ಲಿ ಇದ್ದದ್ದನ್ನು ಇದ್ದಂತೆ ಎತ್ತಿಟ್ಟರೆ ಗುಣಮಟ್ಟ ಚೂರೂ ಕೆಡದು. ಜಾಗ ಮಾತ್ರ ಒಂದು ಡಿಸ್ಕಿಗೆ 4.7 ಜಿಬಿವರೆಗೆ, ಎರಡು ಪದರದ್ದಾದರೆ 8.5 ಜಿಬಿವರೆಗೆ ಬೇಕು.

ವಿಡಿಯೊ ಕುಗ್ಗಿಸುವ ತಂತ್ರಾಂಶ ಹ್ಯಾಂಡ್‌ಬ್ರೇಕ್‌ನಲ್ಲಿ ಎಚ್.264 ಎಂಬ ಕುಗ್ಗಿಸುವ ವಿಧಾನ ಆರಿಸಿ ಆರ್‌ಎಫ್ (ಗುಣಮಟ್ಟದ ಅಂಕಿ; ಕಡಿಮೆಯಾದಷ್ಟೂ ಚಿತ್ರ ಚೆನ್ನ) 18ರಿಂದ 20 ಇಟ್ಟರೆ ಗಾತ್ರ ಸಾಮಾನ್ಯವಾಗಿ ಚೆನ್ನಾಗೇ ಇಳಿಯುತ್ತದೆ. ನಷ್ಟ ಇಲ್ಲವೆಂದಲ್ಲ, ಕಣ್ಣಿಗೆ ಬೀಳದು ಅಷ್ಟೆ. ಮದುವೆ ವಿಡಿಯೊ ಹೆಚ್ಚಾಗಿ ಇಂಟರ್‌ಲೇಸ್ಡ್, ಅಂದರೆ ಪ್ರತಿ ಚಿತ್ರವೂ ಸಾಲು ಬಿಟ್ಟು ಸಾಲಿನ ಎರಡು ಅರ್ಧಗಳಾಗಿರುತ್ತದೆ; ಅದನ್ನು ಸರಿಪಡಿಸುವ ಡೀಇಂಟರ್‌ಲೇಸ್ ಆನ್ ಮಾಡದಿದ್ದರೆ ಧಾರೆ ಎರೆಯುವ ಕೈಗಳ ಅಂಚಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಏಳುತ್ತವೆ.

ಅದರ ಮುಂದಿನ ಪೀಳಿಗೆಯ ಎಚ್.265ರಲ್ಲಿ ಫೈಲು ಇನ್ನೂ ಚಿಕ್ಕದು. ಆದರೆ ಹಳೇ ಲ್ಯಾಪ್‌ಟಾಪಿಗೆ ರಾತ್ರಿಯಿಡೀ ಕೆಲಸ, ಹಳೇ ಟಿವಿಯಲ್ಲಿ ಓಡುವ ಖಾತ್ರಿಯೂ ಇಲ್ಲ. 720×576 ಪಿಕ್ಸೆಲ್‌ನ ಡಿವಿಡಿ ಚಿತ್ರಕ್ಕೆ ಇಷ್ಟು ಪಾಡೇಕೆ?

ಮದುವೆಯದ್ದನ್ನು ಹಾಗೇ ಇಡಿ. ಜಾತ್ರೆಯದ್ದಕ್ಕೆ ಎಚ್.264 ಸಾಕು.